ಎಷ್ಟು ದೂರ, ಎಷ್ಟು ಹೊತ್ತು

ದಟ್ಟಗಳ್ಳಿಯಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಸಣ್ಣ ಅಂಗಡಿ ನನ್ನದು. ಬಂದವರೆಲ್ಲ ಕೇಳುವುದು ಎರಡೇ: ಎಷ್ಟು ದೂರ, ಎಷ್ಟು ಹೊತ್ತು. ಉತ್ತರ ಕಂಪ್ಯೂಟರಿನಲ್ಲೇ ಇರುತ್ತದೆ. ಆದರೆ ಅದನ್ನು ನಂಬುವವರು ಸಿಗುವುದು ಕಷ್ಟ.

ಗಾಳಿದಿಂಬು

ನಿವೃತ್ತ ಹೆಡ್ ಕ್ಲರ್ಕೊಬ್ಬರು ಮೊದಲ ಸಲ ವಿಮಾನ ಹತ್ತುವವರಿದ್ದರು, ಮೈಸೂರಿನಿಂದ ಚೆನ್ನೈಗೆ.

"ಒಂದೂಕಾಲು ಗಂಟೆ ಸಾರ್" ಅಂದೆ.

"ರೈಲಿಗೇ ಏಳು ಗಂಟೆ ಕಣಮ್ಮ. ನೀವು ಸುಮ್ನೆ ಧೈರ್ಯ ಹೇಳ್ಬೇಡಿ" ಅಂತ ಹೋದರು.

ವಾಪಸ್ ಬಂದ ಮೇಲೆ ಅಂಗಡಿಗೆ ಬಂದು ಬೇಜಾರು ತೋಡಿಕೊಂಡರು. "ದಿಂಬಿಗೆ ಗಾಳಿ ಊದೋಷ್ಟರಲ್ಲಿ ಇಳೀತಾ ಇದೀವಿ ಅಂದ್ರು. ಗಾಳಿ ಬಿಡೋಷ್ಟರಲ್ಲಿ ಬಾಗಿಲೇ ತೆಗೆದ್ಬುಟ್ರು."

"ಒಳ್ಳೇದೇ ಆಯ್ತಲ್ಲ ಸಾರ್?"

"ಏನು ಒಳ್ಳೇದು? ಮನೆಯವಳು ಎರಡು ಹೊತ್ತಿಗಾಗೋಷ್ಟು ಪುಳಿಯೋಗರೆ ಕಟ್ಟಿದ್ಲು. ಕರೆಯೋಕೆ ಬಂದ ಭಾವಮೈದನನ್ನ ಹೊರಗೆ ಅರ್ಧ ಗಂಟೆ ನಿಲ್ಲಿಸಿ, ಲಗೇಜು ಬರೋ ಜಾಗದಲ್ಲೇ ಕೂತು ತಿಂದೆ. ಪ್ರಯಾಣದ ಊಟ ಪ್ರಯಾಣದಲ್ಲೇ ಮುಗೀಬೇಕು ಕಣಮ್ಮ."

ಏರುದಾರಿ

ಗೋಕುಲಂನ ಯೋಗದ ಮೇಷ್ಟರೊಬ್ಬರು ಪಾಠ ಹೇಳಲು ದುಬೈಗೆ ಹೊರಟಿದ್ದರು. ಟಿಕೆಟ್ ನೋಡಿ ಹುಬ್ಬು ಗಂಟಿಕ್ಕಿದರು.

"ಹತ್ತಕ್ಕೆ ಬಿಟ್ರೆ ಹನ್ನೆರಡೂವರೆಗೆ ದುಬೈ. ಬರುವಾಗ ಒಂಬತ್ತಕ್ಕೆ ಬಿಟ್ರೆ ಬೆಂಗಳೂರು ಸೇರೋದು ಎರಡೂವರೆಗೆ. ಅದೇ ದಾರಿ ತಾನೆ? ಬರುವಾಗ ಏರು ಇದೆಯಾ?"

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಎರಡೂ ಕಡೆ ನಾಲ್ಕೇ ಗಂಟೆ ಹಾರಾಟ ಅಂತ ಕಾಗದದ ಮೇಲೆ ಬರೆದು ತೋರಿಸಿದೆ. ತಲೆಯಾಡಿಸಿ ಹೋದರು.

ಎರಡು ವಾರ ಬಿಟ್ಟು ಸಿಕ್ಕಾಗ ಮೆತ್ತಗೆ ಹೇಳಿದರು: "ನೀವು ಏನೇ ಹೇಳಿ ಮೇಡಂ, ಬರುವಾಗ ವಿಮಾನ ಏದುಸಿರು ಬಿಡ್ತಾ ಇತ್ತು. ಉಸಿರಾಟದ ವಿಷಯ ನನಗೆ ಗೊತ್ತಾಗಲ್ವಾ?"

ಮೊದಲು ತಲುಪಿದವರು

ಕೆಸರೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಒಂದು ಮಧ್ಯಾಹ್ನ ಆಟೋದಲ್ಲಿ ಬಂದಿಳಿದರು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಹೈದರಾಬಾದಿನಲ್ಲಿದ್ದ ಮಗಳಿಗೆ ದಿನ ತುಂಬುವ ಮೊದಲೇ ನೋವು ಶುರುವಾಗಿ, ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದ್ದರು.

"ಬಸ್ಸಲ್ಲಿ ಓದ್ರೆ ನಾಳೆ ಆಯ್ತದೆ. ಎಂಗಾದ್ರೂ ಮಾಡಿ ಇವತ್ತೇ ಕಳ್ಸಿ ಮೇಡಂ" ಅಂದರು.

ಸಂಜೆಯ ವಿಮಾನದಲ್ಲಿ ಒಂದೇ ಸೀಟು ಉಳಿದಿತ್ತು. ಟಿಕೆಟ್ ಮಾಡಿ, ಅಂಗಡಿಗೆ ಬೀಗ ಹಾಕಿ, ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ನಾನೇ ಸ್ಕೂಟರಿನಲ್ಲಿ ಬಿಟ್ಟು ಬಂದೆ. ಆಮೇಲೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ.

ಕೊನೆಗೆ ಫೋನ್ ಬಂತು. "ಆಸ್ಪತ್ರೆಗೆ ಬಂದ್ಬುಟ್ಟೆ ಮೇಡಂ. ನಾನು ಒಳಕ್ಕೆ ಕಾಲಿಟ್ಟೆ, ಮಗು ಅಳ್ತು. ಹೆಣ್ಣು. ಇಬ್ರೂ ಚೆನ್ನಾಗವ್ರೆ." ಅವರೂ ಅತ್ತರು, ನಾನೂ ಅತ್ತೆ.

ಮೂಗು ಒರೆಸಿಕೊಂಡು ಅಂದರು, "ಇನ್ನೊಂದು ಟಿಕೆಟ್ ಆಗ್ಬೇಕಿತ್ತು, ನಮ್ಮ ಅಳಿಯಂದಿರಿಗೆ. ನಾನು ಮೈಸೂರು ಬಿಡೋವಾಗ್ಲೇ ಅವ್ರೂ ಕಾರಲ್ಲಿ ಒಂಟವ್ರೆ, ಇನ್ನೂ ಬಂದಿಲ್ಲ."

"ಅವರು ಎಲ್ಲಿಂದ ಬರಬೇಕು?"

"ಇದೇ ಊರು ಮೇಡಂ. ಆಫೀಸಿಂದ ಆಸ್ಪತ್ರೆಗೆ."