ಗಾಜಿನ ಮನೆಯಲ್ಲಿ ಇಲ್ಲದ ಗುಂಡಿಯ ಬಗ್ಗೆ

ಸಂಖ್ಯೆ: ಸನಿ/ಗಾಮ/ನೆಲ/೪೧(ಅ)

ವಿಷಯ: ಹಳೆಯ ಗಾಜಿನ ಮನೆಯ ಕಾಂಕ್ರೀಟ್ ನೆಲದ ದುರಸ್ತಿ ಪೂರ್ಣಗೊಂಡಿರುವುದರಿಂದ ಅಲ್ಲಿ ಯಾರೂ ಬೀಳದಿರುವ ಕುರಿತು.

ಉಲ್ಲೇಖ: ಗಿಡಗಳಿಗೆ ನೀರು ಹಾಕುವ ಸಿಬ್ಬಂದಿ (ಎಲ್ಲರೂ ಕರೆಯುವಂತೆ 'ನೀರಕ್ಕ') ಇವರ ಮೌಖಿಕ ದೂರು, ಮೂರನೆಯ ಸಲ.

ಸದರಿ ನೀರಕ್ಕನವರು ಎರಡೂ ಕೈಯಲ್ಲಿ ನೀರಿನ ಡಬ್ಬ ಹಿಡಿದು ಜರೀಗಿಡಗಳ ಸಾಲಿನ ಅರ್ಧಕ್ಕೆ ಬಂದಿದ್ದಾಗ, ಕಾಂಕ್ರೀಟ್ ಕಿತ್ತುಹೋದ ಗುಂಡಿಯಲ್ಲಿ ಕಾಲು ಸಿಕ್ಕಿ ಬಿದ್ದು, ಮೊಣಕಾಲು ಊದಿಸಿಕೊಂಡಿರುವುದಾಗಿ ತಿಳಿಸಿರುತ್ತಾರೆ. ಕಡತ ಪರಿಶೀಲಿಸಲಾಗಿ, ನೆಲದ ದುರಸ್ತಿ ಕಳೆದ ವರ್ಷವೇ ಮುಗಿದಿರುತ್ತದೆ. ಆದ್ದರಿಂದ ಗುಂಡಿ ಇರುವುದಿಲ್ಲ. ಊತದ ಬಗ್ಗೆ ಕಚೇರಿಯ ತಕರಾರಿಲ್ಲ. ಈ ಮೂಲಕ ಸಕಲ ಸಿಬ್ಬಂದಿಗೆ ಸೂಚಿಸುವುದೇನೆಂದರೆ:

೧. ಸದರಿ ಜಾಗವನ್ನು ಯಾರೂ ಹಾರಿ ದಾಟತಕ್ಕದ್ದಲ್ಲ. ಸಮತಟ್ಟಾದ ನೆಲದ ಮೇಲೆ ನಡೆಯುವಂತೆ ನಡೆಯತಕ್ಕದ್ದು.

೨. ಅಲ್ಲಿ ನಿಂತ ನೀರನ್ನು 'ತೇವಾಂಶ' ಎಂದು ನಮೂದಿಸತಕ್ಕದ್ದು. ಅದರಲ್ಲಿ ಸಂಸಾರ ಹೂಡಿರುವ ಕಪ್ಪೆಯನ್ನು ಬೇರೆ ವಿಭಾಗಕ್ಕೆ ವರ್ಗಾಯಿಸಲಾಗಿದೆ. ಈವರೆಗೆ ಹಾಜರಾಗದಿರುವ ಬಗ್ಗೆ ವಿವರಣೆ ಕೇಳಲಾಗಿದೆ.

೩. ಗಾರೆ ಮೇಸ್ತ್ರಿಯೊಬ್ಬರು ಅರ್ಧ ಚೀಲ ಸಿಮೆಂಟು ತಂದು, "ಅಕ್ಕಾ, ಇದೇನ್ ಮಹಾ ಕೆಲ್ಸ, ಕಾಫಿ ಕುಡಿಯೋದ್ರೊಳಗೆ ಮುಚ್ಚಿಬಿಡ್ತೀನಿ" ಎಂದಿರುವುದು ಗಮನಕ್ಕೆ ಬಂದಿದೆ. ಮುಗಿದ ಕೆಲಸವನ್ನು ಮತ್ತೆ ಮಾಡುವುದು ದುಂದುವೆಚ್ಚ. ಮೇಸ್ತ್ರಿಯನ್ನು ಸಿಮೆಂಟು ಸಮೇತ ಗೇಟಿನಾಚೆ ಕಳುಹಿಸಲಾಗಿದೆ.

೪. ಬಿದ್ದವರು ತಾವಾಗಿಯೇ ಕುಳಿತರೆಂದು ಭಾವಿಸಲಾಗುವುದು. ಕೆಲಸದ ವೇಳೆಯಲ್ಲಿ ಕುಳಿತಿದ್ದಕ್ಕಾಗಿ ನೀರಕ್ಕನವರ ಅರ್ಧ ದಿನದ ರಜೆ ಕಡಿತಗೊಳಿಸಲಾಗಿದೆ.

೫. ಸದರಿಯವರು ಬಂದವರಿಗೆಲ್ಲ, "ಅಣ್ಣಾ, ಕಾಲು ನೋಡ್ಕೊಂಡು ಇಡಿ, ಗುಂಡಿ ಇದೆ!" ಎಂದು ಕೂಗುತ್ತಿದ್ದು, ಇದು ದಾಖಲೆಗೆ ವಿರುದ್ಧ. ಇನ್ನೊಮ್ಮೆ ಯಾರನ್ನೇ ಎಚ್ಚರಿಸಿದರೂ ಕೆಲಸದಿಂದ ತೆಗೆಯಲಾಗುವುದು. ಕೆಮ್ಮು, ಕಣ್ಸನ್ನೆ ಹಾಗೂ 'ಅಯ್ಯೋ' ಎಂಬುದನ್ನೂ ಎಚ್ಚರಿಕೆಯೆಂದೇ ಪರಿಗಣಿಸಲಾಗುವುದು.

೬. ದುರಸ್ತಿಯಾದ ನೆಲದ ಉದ್ಘಾಟನೆ ನಾಳೆ ಬೆಳಿಗ್ಗೆ ನಡೆಯಲಿದೆ. ಕೆಳಗೆ ಸಹಿ ಮಾಡಿರುವ ಅಧೀಕ್ಷಕರು ಬಿಳಿ ಪ್ಯಾಂಟು ಧರಿಸಿ, ಫೋಟೋಗಾಗಿ ತಲೆ ಎತ್ತಿಕೊಂಡು, ಜರೀಗಿಡಗಳ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯುವರು. ನೀರಕ್ಕನವರು ಪಕ್ಕದಲ್ಲಿ ನಿಂತಿರತಕ್ಕದ್ದು.

೭. ಈ ಸುತ್ತೋಲೆಯನ್ನು ನೀರಕ್ಕನವರಿಗೆ ಓದಿ ಹೇಳಲಾಗಿದೆ. ಐದನೆಯ ಅಂಶವನ್ನು ಇನ್ನೊಮ್ಮೆ ಓದಿಸಿ ಕೇಳಿದ ಅವರು ಸಹಿ ಹಾಕಿ, ಡಬ್ಬ ಎತ್ತಿಕೊಂಡು ಕುಂಟುತ್ತಾ ಹೋಗಿರುತ್ತಾರೆ. ಅವರಲ್ಲಿ ಮೂಡಿದ ಈ ಶಿಸ್ತನ್ನು ಕಚೇರಿಯು ಮೆಚ್ಚಿಕೊಂಡಿದೆ.

(ಸಹಿ)
ಅಧೀಕ್ಷಕರು
ಸಸ್ಯ ನಿಗಾ ಇಲಾಖೆ

ಪ್ರತಿಗಳು:
– ಗಾರೆ ಮೇಸ್ತ್ರಿ, ಗೇಟಿನಾಚೆಯೇ ನಿಂತು ಓದಿಕೊಳ್ಳಲು.
– ಫೋಟೋ ತೆಗೆಯುವವರು, ನೆಲ ಕಾಣದಂತೆ ತೆಗೆಯಲು.
– ಇಸ್ತ್ರಿ ಅಂಗಡಿ, ಬಿಳಿ ಪ್ಯಾಂಟನ್ನು ಇಂದು ಸಂಜೆಯೊಳಗೆ ಕಳುಹಿಸಲು.