ಕಾಫಿಗೊಂದು ಅಪೀಲು

ಸೀತಾಲಕ್ಷ್ಮಿ: ಏಳಿ ಅಂದ್ರೆ, ಮನೆಗೆ ಹೋಗೋಣ. ಸೋಮವಾರದ ಡಾಕ್ಟ್ರು ಕಾಫಿ ಬಿಡಿ ಅಂದ್ರು. ಬುಧವಾರದ ಡಾಕ್ಟ್ರೂ ಬಿಡಿ ಅಂದ್ರು. ಇವತ್ತು ಮತ್ತೆ ಯಾಕೆ ಬಂದ್ರಿ?

ಗಂಗಾಧರಯ್ಯ: ಅಪೀಲಿಗೆ.

(ಜಯನಗರದ ಮಣ್ಣುರಸ್ತೆಯ ಮೇಲೊಂದು ಹೊಸ ಕ್ಲಿನಿಕ್ಕು. ಒಂದೇ ಬೋರ್ಡಿನಲ್ಲಿ ಮೂವರು ಡಾಕ್ಟರ ಹೆಸರು. ಗಂಗಾಧರಯ್ಯನವರು ಕಂದಾಯ ಇಲಾಖೆಯಿಂದ ಹೋದ ವರ್ಷ ರಿಟೈರಾದರು. ಅವರೊಳಗಿನ ಗುಮಾಸ್ತನಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲೇ ಅವರ ಹೆಂಡತಿ.)

ಸೀತಾಲಕ್ಷ್ಮಿ: ಅಪೀಲಿಗೆ ಇದೇನು ಕಚೇರೀನಾ?

ಗಂಗಾಧರಯ್ಯ: ಅಮಲ್ದಾರ್ರು ಆಗಲ್ಲ ಅಂದ್ರೆ ಮೇಲೆ ಡೆಪ್ಯುಟಿ ಕಮಿಷನರ್ ಇಲ್ವೇನೆ? ಬೋರ್ಡ್ ನೋಡು. ಎಲ್ಲರಿಗಿಂತ ಮೇಲೆ ಉಮಾಮಹೇಶ್ವರಿ. ಅವರ ರುಜು ಬೀಳೋವರೆಗೂ ಆರ್ಡರು ಜಾರಿಗೆ ಬರಲ್ಲ.

(ಚೀಟಿ ಬರೆದುಕೊಡುವ ವಾರಿಜಮ್ಮನಿಗೆ ನಗು ತಡೆಯಲಾಗಲಿಲ್ಲ.)

ವಾರಿಜಮ್ಮ: ಸಾರ್, ಮೂವರಲ್ಲಿ ಅವರೇ ಚಿಕ್ಕೋರು. ಉದ್ದದ ಹೆಸರು ಮೇಲಿದ್ರೆ ಚೆಂದ ಅಂತ ಪೇಂಟರು ಹಾಗೆ ಬರೆದ.

ಗಂಗಾಧರಯ್ಯ: ಹಾಗಾದ್ರೆ ಈ ಆಫೀಸಿಗೆ ಹೆಡ್ ಯಾರು?

ವಾರಿಜಮ್ಮ: ಯಾರೂ ಇಲ್ಲ. ಮೂವರೂ ಸಮ. ಒಬ್ಬರಿಲ್ದಾಗ ಇನ್ನೊಬ್ಬರು ನೋಡ್ತಾರೆ.

ಗಂಗಾಧರಯ್ಯ: ಹೆಡ್ಡೇ ಇಲ್ದಿರೋ ಆಫೀಸು! ದೇಶ ಎಲ್ಲಿಗೆ ಬಂತು... ಹೋಗ್ಲಿ, ಇವತ್ತಿನ ಡಾಕ್ಟ್ರಿಗೆ ಹಿಂದಿನದ್ದೇನೂ ಗೊತ್ತಿರಲ್ಲ. ಹೊಸದಾಗಿ ಕೇಳ್ತೀನಿ.

ವಾರಿಜಮ್ಮ: ಮೂವರಿಗೂ ಒಂದೇ ಕಾರ್ಡು ಸಾರ್. (ಓದುತ್ತಾರೆ) ಸೋಮವಾರ: ಹೊಟ್ಟೆ ಉರಿ, ದಿನಕ್ಕೆ ಎರಡು ಕಾಫಿ ಅಂತಾರೆ. ಬುಧವಾರ: ನಾಲ್ಕು ಅಂತ ಒಪ್ಪಿಕೊಂಡರು. ಅವರು ಹೊರಗೆ ಹೋದ ಮೇಲೆ ಹೆಂಡತಿ ಏಳು ಅಂದರು.

ಗಂಗಾಧರಯ್ಯ: ಏನೇ, ನೀನೇ ನನ್ನ ವಿರುದ್ಧ ಸಾಕ್ಷಿ ಹೇಳಿದ್ಯಾ?

ಸೀತಾಲಕ್ಷ್ಮಿ: ಹೇಳ್ದೆ! ಊಟ ಆದ ಮೇಲೆ ಹೊಟ್ಟೆ ಹಿಡ್ಕೊಂಡು ಗೋಡೆಗೆ ಒರಗ್ತೀರಲ್ಲ, ಅದನ್ನ ನೋಡಿ ನನ್ನ ಕೈಕಾಲು ತಣ್ಣಗಾಗುತ್ತೆ. ನಿಮಗೇನಾದ್ರೂ ಆದ್ರೆ ನಾನೇನು ಮಾಡ್ಲಿ?

(ಗಂಗಾಧರಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಕನ್ನಡಕ ಚೊಕ್ಕಟವಾಗೇ ಇತ್ತು.)

ಗಂಗಾಧರಯ್ಯ: ಮೂವತ್ತೆರಡು ವರ್ಷ ನಿಂತ್ಕೊಂಡೇ ಎರಡು ಗುಟುಕು ಸುರ್ಕೊಂಡು ಆಫೀಸಿಗೆ ಓಡಿದೆ ಕಣೇ. ಈಗ ನಿನ್ನೆದುರಿಗೆ ಕೂತು, ಮಾತಾಡ್ತಾ ಕುಡಿಯೋ ಕಾಲ ಬಂತು. ಈಗಲೇ ಬೇಡ ಅಂದ್ರೆ?

ಸೀತಾಲಕ್ಷ್ಮಿ: ಕೂತ್ಕೊಳ್ಳಿ. ಎಷ್ಟು ಬೇಕಾದ್ರೂ ಮಾತಾಡಿ. ಕುಡಿಯೋದು ನಾನು ಕುಡೀತೀನಿ.

(ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಉಮಾಮಹೇಶ್ವರಿ ಇವರ ಕೊನೇ ಮಗಳಿಗಿಂತ ಚಿಕ್ಕವರಂತೆ ಕಂಡರು. ಕಾರ್ಡು ನೋಡಿ, ಹೊಟ್ಟೆ ಒತ್ತಿ ನೋಡಿ ಕೂತರು.)

ಡಾಕ್ಟರು: ಕಾಫಿ ಬಿಟ್ರಾ?

ಗಂಗಾಧರಯ್ಯ: ಬಿಟ್ಟೇ ಬಿಡ್ತಿದ್ದೆ ಡಾಕ್ಟ್ರಮ್ಮ. ಇವಳು ನನ್ನೆದುರಿಗೇ ಕೂತು ಸೊರ್ ಅಂತ ಹೀರ್ತಾಳೆ. ಆ ಘಮಕ್ಕೆ ಯೋಗಿಯಾದ್ರೂ ಲೋಟ ಹುಡುಕ್ಕೊಂಡು ಬರಬೇಕು.

ಡಾಕ್ಟರು: ಹೌದೇನಮ್ಮ?

ಸೀತಾಲಕ್ಷ್ಮಿ: ಕುಡೀತೀನಿ. ನನಗೇನು ಹೊಟ್ಟೆ ಉರಿ ಇಲ್ವಲ್ಲ!

ಡಾಕ್ಟರು (ಬರೆಯುತ್ತಾ): ಒಂದು ತಿಂಗಳು ಮನೇಲಿ ಕಾಫಿಪುಡಿಯೇ ಬೇಡ. ಇಬ್ಬರೂ ಎದುರುಬದುರು ಕೂತು ಹಾಲು ಕುಡೀರಿ.

(ಗಂಗಾಧರಯ್ಯನವರ ಮುಖ ಅರಳಿತು. ಕಾಫಿ ಸಿಗದಿದ್ದರೇನು, ಜೊತೆಯಂತೂ ಸಿಕ್ಕಿತು.)

ಗಂಗಾಧರಯ್ಯ: ವಯಸ್ಸು ಚಿಕ್ಕದಾದ್ರೂ ತೀರ್ಪು ದೊಡ್ಡದು! ಮೂವರೂ ಒಂದೇ ಮಾತು ಹೇಳಿದ ಮೇಲೆ ಮುಗೀತು, ತಲೆಬಾಗಬೇಕು. ನಡಿಯೇ ಮನೆಗೆ.

(ಅವರು ಹೊರಗೆ ಹೋಗಿ ಚಪ್ಪಲಿ ಮೆಟ್ಟಿದರೂ ಸೀತಾಲಕ್ಷ್ಮಿಯ ಸುಳಿವಿಲ್ಲ. ತಿರುಗಿ ನೋಡಿದರೆ ಆಕೆ ವಾರಿಜಮ್ಮನ ಮೇಜಿನ ಮೇಲೆ ಬಗ್ಗಿ ನಿಂತಿದ್ದಾರೆ.)

ಸೀತಾಲಕ್ಷ್ಮಿ (ಮೆಲ್ಲಗೆ): ಸೋಮವಾರದ ಡಾಕ್ಟ್ರು ಎಷ್ಟು ಗಂಟೆಗೆ ಬರ್ತಾರಮ್ಮ? ನನ್ನ ಹೆಸರಿಗೆ ಒಂದು ಬೇರೆ ಕಾರ್ಡು ಮಾಡಿಕೊಡಿ.