ಕಿವ್ಯಾಗಿನ ಗಿರಣಿ

ರೋಗ ಒಮ್ಮೆ ಬಂದು ಸುಮ್ನ ಕುಂದರ್ತದ್ರಿ. ರೋಗಕ್ಕ ಔಷಧ ಹೇಳೋ ಮಂದಿ ಮಾತ್ರ ದಿನಾ ಬರ್ತಾರ, ಚಾ ಕುಡದು ಹೋಗ್ತಾರ.

ನಂದು ಅಫಜಲಪುರದಾಗ ಹಿಟ್ಟಿನ ಗಿರಣಿ. ಜ್ವಾಳ, ಗೋದಿ, ಕಡ್ಲಿ ಬೀಸ್ತೇನಿ, ಬ್ಯಾಸಗ್ಯಾಗ ಖಾರ ಕುಟ್ಟಿ ಕೊಡ್ತೇನಿ. ಅಪ್ಪನ ಕಾಲದಿಂದ ಆ ಸದ್ದಿನಾಗೇ ಬೆಳದಾಂವ ನಾ. ಒಂದಿನ ಸಂಜಿಕಿ ಗಿರಣಿ ಬಂದ್ ಮಾಡಿದೆ. ಮೋಟಾರ್ ನಿಂತತು, ಪಟ್ಟಾ ನಿಂತತು, ಸದ್ದು ಮಾತ್ರ ನಿಂದರಲಿಲ್ಲ. ಕಿವ್ಯಾಗ ಗುಂಯ್ ಅಂತ ನಡದೇ ಇತ್ತು. ಇವತ್ತಿಗೂ ನಡದದ.

ನಿದ್ದಿ ಹ್ವಾತು, ಊಟದ ರುಚಿ ಹ್ವಾತು, ಸಿಟ್ಟು ಮಾತ್ರ ಮನ್ಯಾಗ ಬಂದು ಕುಂತಿತು. "ಗಿರಣಿ ಮುಚ್ಚಿ ಬಿಡಪಾ, ಇಲ್ಲಂದ್ರ ಕಿವಿ ಕೈ ಬಿಡ್ತಾವ" ಅಂತ ಮಂದಿ ಹೆದರ್ಸಾಕತ್ರು. ಗಿರಣಿ ಮುಚ್ಚಿದ್ರ ಉಣ್ಣೋದು ಏನು, ಆ ಗುಂಯ್ ಅನ್ನೋದನ್ನ ತಾಟಿಗಿ ನೀಡ್ಕೋಬೇಕೇನು? ನನಗ ಬೇಕಾಗಿದ್ದು ಇಷ್ಟ: ಗಿರಣಿ ನಡೀಬೇಕು, ಕಿವಿ ಸುಮ್ನಿರಬೇಕು. ಅದಕ್ಕಾಗಿ ತಿರುಗಿದ ತಿರುಗಾಟದಾಗ ಏನೇನಾತು ಅಂತ ಹೇಳ್ತೇನಿ, ಕೇಳ್ರಿ. ನಿಮ್ಮ ಕಿವಿಯರೆ ಚೊಲೊ ಅದಾವಲ್ಲ.

೧. ಕಿವುಡನ ಪಟ್ಟ

ಕಿವ್ಯಾಗ ಗುಂಯ್ ಅಂತದ ಅಂತ ಒಬ್ಬಾಕಿ ಮುಂದ ಅಂದೆ, ಅಷ್ಟ. ಮರುದಿನ ಊರ ತುಂಬಾ ಸುದ್ದಿ: ಗಿರಣಿಯವನ ಕಿವಿ ಪೂರಾ ಹ್ವಾದ್ವಂತ! ಆವತ್ತಿಂದ ಎಲ್ಲಾರೂ ನನ್ನ ಕೂಡ ಒದರಿ ಮಾತಾಡಾಕತ್ರು. ಮದ್ಲ ಕಿವ್ಯಾಗ ಒಂದು ಸದ್ದು ಇತ್ತು, ಈಗ ಊರಿಗೂರೇ ಸದ್ದು.

ನಮ್ಮ ಕಡಿ ಯಾರಿಗರೆ ಜಡ್ಡಾದ್ರ ಬಿಸ್ಕೀಟ್ ಪುಡಾ ಹಿಡ್ಕೊಂಡು ಮಾತಾಡ್ಸಿ ಬರೋದು ಪದ್ಧತಿ. ಹಂಗ ನನ್ನ ಮಾತಾಡ್ಸಾಕ ಬಂದವ್ರು ಒಬ್ರೂ ನನ್ನ ಮಾತಾಡ್ಸಲಿಲ್ಲ. ನಾ ಎದುರಿಗೇ ಕುಂತೀನಿ, ನಮ್ಮ ಮನ್ಯಾಕಿಗಿ ಕೇಳ್ತಾರ, "ಊಟ ಬರಾಬರ್ ಮಾಡ್ತಾರೇನವಾ? ನಿದ್ದಿ ಹತ್ತತದೇನು?" ತಂದ ಬಿಸ್ಕೀಟು ಚಾದಾಗ ಅದ್ದಿ ಅದ್ದಿ ತಾವೇ ತಿಂದು ಹ್ವಾದ್ರು.

ಗಿರಣ್ಯಾಗಂತೂ ಕೇಳಬ್ಯಾಡ್ರಿ. ಸರದಿಗಿ ಕುಂತ ಹೆಣಮಕ್ಕಳು ನನ್ನ ಮುಂದೇ ನನ್ನ ಬಗ್ಗಿ ಮಾತಾಡಾಕ ಶುರು ಮಾಡಿದ್ರು. ಒಬ್ಬಾಕಿ ಅಂತಾಳ, "ಇಂವ ಹಿಟ್ಟು ಹೊಡಕೋತಾನಬೇ. ಡಬ್ಬಿ ತುಂಬಾ ಜ್ವಾಳ ತಂದ್ರ ಹಿಟ್ಟು ಕಂಠಕ್ಕೂ ಬರೋದಿಲ್ಲ." ಇನ್ನೊಬ್ಬಾಕಿ, "ಅಲ್ಲೇನು ಮತ್ತ, ಹೊಟ್ಟಿ ನೋಡು ಅಂವಂದು!" ನಾ ಎಷ್ಟಂತ ತಡಕೊಳ್ಳಲಿ? "ಎವ್ವಾ, ಬಸವಣ್ಣನಾಣಿ, ಒಂದು ಹಿಡಿ ಹಿಟ್ಟು ಮುಟ್ಟಿಲ್ಲ ನಾ!" ಅಂದೆ.

ಆಕಿ ಒಂಚೂರೂ ನಾಚಲಿಲ್ಲ. ಬಾಜೂಕಿನಾಕಿಗಿ ತಿವಿದು ಅಂದ್ಳು: "ನೋಡಿದೇನ, ಇದು ಮಾತ್ರ ಹ್ಯಾಂಗ ಕೇಳ್ತದ ಅಂವಗ!"

೨. ಮಾವನ ಎಣ್ಣಿ

ಸರಸಂಬಾದಾಗ ನಮ್ಮ ಸೋದರಮಾವ ಇರ್ತಾನ. ನನಗ ಹೆಣ್ಣು ಕೊಟ್ಟ ಮಾವನೂ ಅಂವನೇ, ಹಿಂಗಾಗಿ ಎರಡೂ ಕಡಿಂದ ಅಂವನ ಮಾತು ಕೇಳಬೇಕು. ಸುದ್ದಿ ತಿಳದ ಕೂಡ್ಲೆ ಒಂದು ಬಾಟ್ಲಿ ಹಿಡ್ಕೊಂಡು ಬಂದ. ಕುಸುಬಿ ಎಣ್ಣ್ಯಾಗ ಬಳ್ಳೊಳ್ಳಿ ಹಾಕಿ ಕರ್ರಗಾಗೋತನಕ ಕಾಸಿದ್ದು. ವಾಸನಿಗೇ ಬೆಕ್ಕು ಮನಿ ಬಿಟ್ಟು ಹ್ವಾತು.

"ಮಾವ, ಕಿವ್ಯಾಗ ಎಣ್ಣಿ ಹಾಕಬಾರದಂತ್ರಿ," ಅಂದೆ.

"ಯಾರಂತಾರ? ನಮ್ಮ ಎತ್ತಿಗಿ ಇದನ್ನೇ ಹಾಕಿದ್ದೆ, ಗುಣ ಆತು."

"ಎತ್ತಿಗೂ ಗುಂಯ್ ಅಂತಿತ್ತೇನ್ರಿ?"

"ಎತ್ತು ಹ್ಯಾಂಗ ಹೇಳ್ತದಲೇ? ಗೋಣ ಅಲಗಾಡ್ಸೋದು ಬಿಡ್ತು, ಅಂದ್ರ ಗುಣ ಆದಂಗ ಅಲ್ಲೇನು?"

ಮಾವ ಕೈ ಹಿಡದ, ನಮ್ಮ ಮನ್ಯಾಕಿ ಎಣ್ಣಿ ಬಿಟ್ಳು. ತಂದಿ ಮಗಳು ಇಬ್ರೂ ಕೂಡಿದ್ಮ್ಯಾಲ ಅಳಿಯಂದು ಏನು ನಡೀತದ? ಕಿವಿ ಗಚ್ಚಂತ ಬಂದ್ ಆದ್ವು. ಹೊರಗಿನ ಸದ್ದು ಏನೂ ಕೇಳವಲ್ದು, ಒಳಗಿಂದು ಮಾತ್ರ ಗುಂಯ್ಯ್ ಅಂತ ದುಪ್ಪಟ್ಟು ಕೇಳಾಕತ್ತು. ಮಾವ ಕೈ ಮಾಡಿ ಕೇಳಿದ, ಫರಕ್ ಬಿತ್ತೇನು ಅಂತ.

"ಬಿತ್ರಿ. ಮದ್ಲ ಮಂದಿ ಮಾತೂ ಕೇಳ್ತಿತ್ತು, ಗುಂಯ್ ಅನ್ನೋದೂ ಕೇಳ್ತಿತ್ತು. ಈಗ ಗುಂಯ್ ಒಂದೇ ಕೇಳ್ತದ."

ಮಾವ ಖುಷಿಲೆ ಮಗಳ ಕಡಿ ಹೊಳ್ಳಿದ. "ನೋಡವಾ, ಒಂದ ದಿನದಾಗ ಅರ್ಧಾ ರೋಗ ಕಮ್ಮಿ!"

೩. ಜೇವರ್ಗಿ ಸುಜಿ

ಜೇವರ್ಗ್ಯಾಗ ಒಬ್ರು ಡಾಕ್ಟರ್, ಭಾಳ ಕೈಗುಣ ಅಂತ. ಅವರ ದವಾಖಾನಿ ಮುಂದ ಮಂದಿ ರೋಡಿನತನಕ ನಿಂತಿರ್ತಾರ. ಒಳಗ ಹೋಗಿ ಬಾಯಿ ತೆಗೆಯೋದ್ರಾಗ ಸುಜಿ ತುಂಬಿ ತಯಾರ್ ಇಟ್ಟಿದ್ರು.

"ಸಾಹೇಬ್ರ, ಕಿವ್ಯಾಗ ಸದ್ದು..."

"ಆತು, ಹೊಳ್ಳಿ ಮಕ್ಕೊಳ್ರಿ."

"ಕಿವಿ ಮ್ಯಾಲ ಅದಾವ್ರಿ ಸಾಹೇಬ್ರ, ನೀವು ಕೆಳಗ ನೋಡಾಕತ್ತೀರಿ!"

"ಔಷಧಕ್ಕ ದಾರಿ ಗೊತ್ತದ," ಅಂದ್ರು. ಚುಚ್ಚೇ ಬಿಟ್ರು. ಬರೋವಾಗ ಬಸ್ಸಿನ್ಯಾಗ ಸೀಟು ಖಾಲಿ ಇದ್ರೂ ನಿಂತೇ ಬಂದೆ. ಮನಿ ಮುಂದ ಕುಂಟುತ್ತ ಬರೋದು ನೋಡಿ ನಮ್ಮ ಮನ್ಯಾಕಿ ಗಾಬರಿ ಆದ್ಳು. "ಯಪ್ಪಾ ಶಿವನೇ, ಕಿವಿ ರೋಗ ಕಾಲಿಗಿ ಇಳೀತೇನ್ರಿ?"

೪. ನೂರಕ್ಕ ನೂರು

ಆಳಂದದಾಗ ಫುಕಟ್ ಕಿವಿ ತಪಾಸಣಿ ಶಿಬಿರ ಅಂತ ಮಾವ ಫೋನ್ ಮಾಡಿದ. ಹ್ವಾದೆ. ಶಿಬಿರ ಎಲ್ಲಿ ಅಂತ ಹುಡುಕೋ ಜರೂರತ್ತೇ ಬರಲಿಲ್ಲ. ಒಂದು ಆಟೋದ ಮ್ಯಾಲ ಎರಡು ಹಾರ್ನ್ ಕಟ್ಟಿ "ನಿಮ್ಮ ಅಮೂಲ್ಯ ಕಿವಿಗಳನ್ನು ಕಾಪಾಡಿಕೊಳ್ಳಿ" ಅಂತ ಊರ ಎದಿ ನಡಗೋ ಹಂಗ ಕೂಗಸಾಕತ್ತಿದ್ರು. ಕಿವಿ ಚೊಲೊ ಇದ್ದವ್ರೂ ಆ ಆಟೋದ ಬಾಜೂಕ ನಿಂತ್ರ ಶಿಬಿರಕ್ಕ ಸೇರಬೇಕಾಗ್ತಿತ್ತು.

ಒಳಗ ಒಬ್ಬ ಟೈ ಕಟ್ಟಿದ ಹುಡುಗ ನನ್ನ ತಲಿಗಿ ಹೆಡ್‌ಫೋನ್ ಏರಿಸಿ, ಕೈಯಾಗೊಂದು ಗುಂಡಿ ಕೊಟ್ಟ. "ಯಜಮಾನ್ರ, ಸಣ್ಣ ಸಿಳ್ಳಿ ಸದ್ದು ಕೇಳಿದಾಗೊಮ್ಮೆ ಒತ್ರಿ."

ನಾ ಒತ್ತೇ ಒತ್ತಿದೆ. ಬಿಟ್ರ ಕೇಳ್ತದ, ಹಿಡದ್ರ ಕೇಳ್ತದ. ಹುಡುಗ ಕಂಪ್ಯೂಟರ್ ನೋಡ್ತಾನ, ನನ್ನ ನೋಡ್ತಾನ. "ಇಂಥಾ ಕಿವಿ ನಾ ನೋಡೇ ಇಲ್ರೀ! ನೂರಕ್ಕ ನೂರು!" ಅಂದ. ಅಷ್ಟ್ರಾಗ ಬಾಜೂಕಿನಾಂವ ಬಗ್ಗಿ ನೋಡಿ, "ಲೇ, ವೈರ್ ಇನ್ನೂ ಸಿಗಸೇ ಇಲ್ಲಲ್ಲೋ," ಅಂದ.

ಹುಡುಗನ ಮಾರಿ ಒಂದು ಚಣ ಸಣ್ಣದಾತು. ಆದ್ರ ಧಂದೆ ಕಲ್ತಾಂವ ಅಂವ, ಗಕ್ಕನ ಸುಧಾರ್ಸಿಕೊಂಡ. ಮೇಜಿನ ಕೆಳಗಿಂದ ಕಿವಿ ಮಷೀನಿನ ಡಬ್ಬಿ ತೆಗೆದು ನನ್ನ ಮುಂದ ಇಟ್ಟ. "ಕಿವಿ ಇಷ್ಟು ಚುರುಕು ಇದ್ದವ್ರೇ ಇದನ್ನ ಹಾಕ್ಕೋಬೇಕ್ರಿ ಯಜಮಾನ್ರ, ಹಂಗ ಉಳೀತಾವ!"

೫. ಬರೇ ಮಾತಿನ ಡಾಕ್ಟರ್

ಕಡೀಕ ಕಲಬುರಗಿಗಿ ಹ್ವಾದೆ, ಕಿವಿ ಮೂಗಿನ ಡಾಕ್ಟರ್ ಮೇಡಂ ಕಡಿ. ಮಾವ ಕೂಡ ಬಂದ. ಆಯಮ್ಮ ಮಾತ್ರ ಕಿವ್ಯಾಗ ಲೈಟ್ ಬಿಟ್ಟು ನೋಡಿದ್ರು. ಮಾವನ ಎಣ್ಣಿ ತೆಗೆದ್ರು, ಯಾರು ಹಾಕಿದ್ದು ಅಂತ ಬೈದ್ರು. ಮಾವ ಗ್ವಾಡಿ ಮ್ಯಾಲಿನ ಚಿತ್ರ ನೋಡ್ಕೋತ ನಿಂತ. ಆಮ್ಯಾಲ ವೈರ್ ಬರಾಬರ್ ಸಿಗಿಸಿ ತಪಾಸಣಿ ಮಾಡಿ, ಕುಂದರ್ಸಿ ತಿಳಿಸಿ ಹೇಳಿದ್ರು.

"ಗಿರಣಿ ಸದ್ದಿಗೆ ಕಿವಿ ಒಳಗಿನ ಸೂಕ್ಷ್ಮ ಭಾಗ ಸವೆದಿದೆ. ಈ ಸದ್ದು ಅದರಿಂದ. ಇದನ್ನು ಅಳಿಸಿ ಹಾಕೋ ಗುಳಿಗೆ ಇಲ್ಲ. ಇದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ."

"ಹಂಗಾರ ಗಿರಣಿ ಮುಚ್ಚಬೇಕೇನ್ರಿ ಮೇಡಂ?"

"ಗಿರಣಿ ಯಾಕೆ ಮುಚ್ತೀರಿ? ಕಿವಿ ಮುಚ್ಚಿಕೊಳ್ರಿ."

ಗಿರಣಿ ನಡಿಯೋವಾಗ ಹಾಕ್ಕೊಳ್ಳಾಕ, ಸದ್ದು ತಡಿಯಾಕ ಎರಡೂ ಕಿವಿ ಮುಚ್ಚೋ ಕಪ್ಪಡಿಯಂಥಾ ಸಾಮಾನು ಬರೆದು ಕೊಟ್ರು. ಪೂರಾ ನಿಶ್ಶಬ್ದದಾಗ ಇರಬ್ಯಾಡ್ರಿ, ಮಲಗೋವಾಗ ಫ್ಯಾನೋ ರೇಡಿಯೋನೋ ಸಣ್ಣಗ ಇರಲಿ, ಸದ್ದಿನ ಕೂಡ ಜಗಳ ಆಡಬ್ಯಾಡ್ರಿ, ಬರಬರ್ತಾ ಮನಸು ಅದನ್ನ ಬದಿಗಿಡ್ತದ ಅಂದ್ರು. ನನ್ನ ಕಣ್ಣಾಗ ನೀರೇ ಬಂತು. ಇಷ್ಟು ದಿನಕ್ಕ ಒಬ್ರು ಖರೇ ಹೇಳಿದ್ರು ನೋಡ್ರಿ.

ಹೊರಗ ಬಂದ ಕೂಡ್ಲೆ ಮಾವ ಸಿಡದ. "ಸುಜಿ ಇಲ್ಲ, ಗುಳಿಗಿ ಇಲ್ಲ, ಗ್ಲುಕೋಸ್ ಇಲ್ಲ. ಇದ್ಯಾ ಸೀಮಿ ದವಾಖಾನಿಲೇ? ಮಾತು ಬೇಕಂದ್ರ ನಾ ಹೇಳ್ತಿದ್ದಿಲ್ಲೇನು?" ಬರೋವಾಗ ಚೌಡಾಪುರದಾಗ ಗಾಡಿ ನಿಂದರ್ಸಿ ಔಷಧ ಅಂಗಡಿಯವನ ಬೆನ್ನು ಹತ್ತಿದ. "ಏನರೆ ಒಂದು ಕೊಡಪಾ, ದೊಡ್ಡ ಡಾಕ್ಟರ್ ಕಡಿ ಹೋಗಿ ಖಾಲಿ ಕೈಲೆ ಹೋದ್ರ ಮಂದಿ ಏನಂದಾರು?" ಅಂವ ಒಂದು ಕೆಂಪನ್ನ ಟಾನಿಕ್ ಕೊಟ್ಟ. ನಾ ಮುಟ್ಟಲಿಲ್ಲ. ಹಾಳಾಗಬಾರದು ಅಂತ ಮಾವನೇ ಕುಡದು ಮುಗಿಸಿದ.

ಈಗ ಎಲ್ಲಾರ ಮುಂದ ಹೇಳ್ತಾನ, "ಕಲಬುರಗಿ ಇಲಾಜು ಭಾಳ ಚೊಲೊ, ಹಸಿವಿ ಹೆಚ್ಚಾಗ್ಯಾದ."

೬. ಗಿರಣಿ ಶರಣ

ಮೇಡಂ ಹೇಳಿದಂಗ ನಡಕೊಂಡೆ, ಸುಧಾರ್ಸಾಕತ್ತೆ. ನಿದ್ದಿ ಬರಾಕತ್ತು. ಗಿರಣಿ ನಡೀತಿತ್ತು. ಅಷ್ಟ್ರಾಗ ಶ್ರಾವಣ ಬಂತು. ಯಡ್ರಾಮಿ ಕಡಿಯ ಮಠದ ಅಪ್ಪಾರೊಬ್ರು ನಮ್ಮ ಓಣ್ಯಾಗ ತಿಂಗಳ ಪ್ರವಚನಕ್ಕ ಬಂದ್ರು. ನಾಲ್ಕೂ ಮೂಲಿಗಿ ನಾಲ್ಕು ದೊಡ್ಡ ಸ್ಪೀಕರ್, ಅದ್ರಾಗ ಒಂದು ಅಪ್ಪಾರ ಗದ್ದಿಗಿ ಹಿಂದೇ.

ಒಂದಿನ ದಾಸೋಹದ ಜ್ವಾಳ ಬೀಸಸಾಕ ಭಕ್ತರ ಕೂಡ ಅಪ್ಪಾರೂ ಗಿರಣಿಗಿ ಬಂದ್ರು. ನಾ ಕಿವಿಗಿ ಕಪ್ಪಡಿ ಹಾಕ್ಕೊಂಡು, ಕಣ್ಣು ಮುಚ್ಚಿ ಕುಂತಿದ್ದೆ. ಇದೇನಪಾ ಅಂದ್ರು. "ಒಳಗ ಒಂದು ಸದ್ದು ಸದಾ ಕೇಳ್ತದ್ರಿ ಅಪ್ಪಾರ. ಅದರ ಕೂಡ ಜಗಳ ಆಡದಂಗ ಇರಬೇಕಂತ," ಅಂದೆ. ಅಪ್ಪಾರು ನನ್ನ ಮಾರೀನೇ ನೋಡಿದ್ರು.

ಆವತ್ತಿನ ಪ್ರವಚನದಾಗ ಮೈಕ್ ತುಂಬಾ ನಂದೇ ಸುದ್ದಿ. "ಯೋಗಿಗಳು ಗವಿ ಸೇರಿ ತಪಸ್ಸು ಮಾಡಿದ್ರೂ ಕೇಳದ ಓಂಕಾರ ನಾದ, ನಿಮ್ಮ ಊರ ಗಿರಣಿ ಶರಣರಿಗೆ ಕುಂತಲ್ಲೇ ಕೇಳಾಕತ್ತದ!"

ಮುಗೀತು ನೋಡ್ರಿ ನನ್ನ ಕತಿ. ಮರುದಿನ ಮುಂಜಾನಿ ಗಿರಣಿ ಮುಂದ ಜಾತ್ರಿ. ಕಾಯಿ ಒಡಿಯವ್ರು, ಊದಿನಕಡ್ಡಿ ಹಚ್ಚವ್ರು, ಕಾಲಿಗಿ ಬೀಳವ್ರು. ಹಿಟ್ಟು ಹೊಡಕೋತಾನ ಅಂದಾಕಿನೇ ಎಲ್ಲಾರಕಿಂತ ಮುಂದ. ನನ್ನ ಕಿವಿಗಿ ತನ್ನ ಕಿವಿ ಹಚ್ಚಿ, "ಹೌದ್ರೆವಾ, ಕೇಳ್ತದ! ಓಂ ಅಂತದ!" ಅಂದ್ಳು. ಅದು ಮೋಟಾರಿನ ಸದ್ದು ಮಾರಾಯ್ತಿ ಅಂದ್ರ ಯಾರು ಕೇಳ್ಬೇಕು?

ಮ್ಯಾಲ ಹುಕುಂ ಬ್ಯಾರೆ. "ಗಿರಣಿ ಬಂದ್ ಮಾಡ್ರಿ, ನಾದ ಸರಿಯಾಗಿ ಕೇಳವಲ್ದು!" ಬಂದ್ ಮಾಡ್ಸಿದ್ರು. ರೋಗಕ್ಕ ಮುಚ್ಚದ ಗಿರಣಿ ಭಕ್ತಿಗಿ ಮುಚ್ಚಿತು. ಆ ನಿಶ್ಶಬ್ದದಾಗ ನನ್ನ ಕಿವ್ಯಾಗ ಗುಂಯ್ಯ್ ಅಂತ ಮತ್ತ ಏರಿತು. ನಿದ್ದಿ ಮತ್ತ ಹ್ವಾತು. ಬೀಸದ ಜ್ವಾಳದ ಡಬ್ಬಿಗೋಳು ಹಂಗೇ ಕುಂತ್ವು. ನಾ ಅಳೋದೊಂದು ಬಾಕಿ. "ಪೂಜಾ ಮಾಡ್ಸಿಕೋತ ಕುಂದರ್ರಿ, ಒಲಿ ಮ್ಯಾಲ ಊದಿನಕಡ್ಡಿ ಕುದಸ್ತೇನಿ!" ಅಂತ ನಮ್ಮ ಮನ್ಯಾಕಿ ತಾಟು ಎತ್ತಿ ಒಗದ್ಳು.

ಒಂದಿನ ಮದ್ಯಾಣ ಅಪ್ಪಾರು ಒಬ್ರೇ ಮನಿಗಿ ಬಂದ್ರು. ಬಾಗಲ ಮುಂದ ಮಾಡಿ, ದನಿ ಸಣ್ಣ ಮಾಡಿ ಕೇಳಿದ್ರು: "ಶರಣ್ರ, ನೀವು ಕಲಬುರಗಿ ಡಾಕ್ಟರ್ ಕಡಿ ಹೋಗಿದ್ರಂತಲ್ಲ, ಅವರ ದವಾಖಾನಿ ಪತ್ತೆ ಜರಾ ಕೊಡ್ರಿ."

"ಯಾರಿಗ್ರಿ ಅಪ್ಪಾರ?"

"ನಮಗ. ನಮಗೂ ಹಗಲು ರಾತ್ರಿ ಅದೇ ಕರಕರಿ ನೋಡಪಾ. ಜೀವಾ ಹೈರಾಣ ಆಗ್ಯಾದ."

ನನಗ ಎಲ್ಲಿತ್ತೋ ಸಿಟ್ಟು. "ನಂದು ನಾದ, ನಿಮ್ದು ಕರಕರಿ ಏನ್ರಿ ಅಪ್ಪಾರ? ನನ್ನ ಗಿರಣಿ ನನಗ ಹೊಳ್ಳಿ ಕೊಡಸ್ರಿ, ಪತ್ತೆ ಕೊಡ್ತೇನಿ." ಅಪ್ಪಾರು ತಲಿ ತೆಗ್ಗಿಸಿದ್ರು. ಆ ಮಾರಿ ನೋಡಿ ಪಾಪ ಅನಿಸ್ತು, ನಿದ್ದಿ ಇಲ್ಲದ ಕಣ್ಣು ನನಗ ಗೊತ್ತಿಲ್ಲೇನು? ಪತ್ತೆ ಕೊಟ್ಟೆ. ಸ್ಪೀಕರ್ ದೂರ ಇಡಸ್ರಿ, ಡಾಕ್ಟರ್ ನೋಡೋತನಕ ಪ್ರವಚನದಾಗ ಕಿವಿಗಿ ಹತ್ತಿ ಅರಳಿ ಇಟ್ಕೊಳ್ರಿ ಅಂದೆ.

ಆವತ್ತು ಸಂಜಿಕಿ ಪ್ರವಚನದಾಗ ಅಪ್ಪಾರು ನನ್ನ ಮಾತು ನಡಸಿದ್ರು. "ಶರಣರಿಗೆ ಕಾಯಕವೇ ಕೈಲಾಸ. ಹಿಟ್ಟು ಬೀಸೋದೇ ಅವರ ಪೂಜಾ, ಯಾರೂ ಅಡ್ಡಿ ಮಾಡಬ್ಯಾಡ್ರಿ, ಜ್ವಾಳ ತಗೊಂಡು ಹೋಗ್ರಿ" ಅಂದ್ರು. ಮರುದಿನ ಗಿರಣಿ ಭರ್ ಅಂತ ಶುರು ಆತು. ನನಗ ಹಬ್ಬ ಆದಂಗ ಆತು.

ಆದ್ರ ಅಪ್ಪಾರ ಎರಡೂ ಕಿವ್ಯಾಗಿನ ಬೆಳ್ಳನ್ನ ಅರಳಿ ಮಂದಿ ನೋಡಿ ಬಿಟ್ಟಿದ್ರು. ಅದು ಎಂಥಾ ವ್ರತ ಅಂತ ಯಾರೂ ಕೇಳಲಿಲ್ಲ, ಹಿಡದೇ ಬಿಟ್ರು. ಮರುದಿನ ಪ್ರವಚನಕ್ಕ ಬಂದವ್ರ ಎಲ್ಲಾರ ಕಿವ್ಯಾಗೂ ಅರಳಿ! ಹೇಳವ್ರ ಕಿವಿ ಬಂದ್, ಕೇಳವ್ರ ಕಿವಿ ಬಂದ್, ಎಲ್ಲಾರೂ ಭಕ್ತಿಲೆ ಗೋಣ ಹಾಕಾಕತ್ತಿದ್ರು. ಹಿಂದ ಕುಂತವ್ರು ಕೈ ಎತ್ತಿ, "ಏನೂ ಕೇಳವಲ್ದು, ಏನೂ ಕೇಳವಲ್ದು!" ಅಂತ ಒದರಿದ್ರು. ಮೈಕಿನಾಂವ ನಾಲ್ಕೂ ಸ್ಪೀಕರಿನ ಸೌಂಡ್ ಪೂರಾ ಏರಿಸಿದ. ನಮ್ಮ ಮನಿ ತಗಡು ಗಡಗಡ ಅಂದ್ವು.

ನಮ್ಮ ಮನ್ಯಾಕಿ ರೊಟ್ಟಿ ಬಡಿಯೋದು ಬಿಟ್ಟು ಹೊರಗ ಬಂದು ನೋಡಿದ್ಳು. ಕೈಯಾಗಿನ ಹಿಟ್ಟು ಝಾಡಿಸಿ ಅಂದ್ಳು:

"ಬರೋ ಶ್ರಾವಣದೊಳಗ ಊರಿಗೂರೇ ಶರಣರು ಆಗ್ತಾರ ನೋಡ್ರಿ!"